ಎರಡು ಲಕ್ಷದ ದುರ್ಬೀನು, ಎರಡು ಮಿಲಿಮೀಟರ್ ಚರ್ಮ

ಪ್ರಶ್ನೆ: ನಾನು ಬಾಗಲಕೋಟೆ ನವನಗರದ ನಿವೃತ್ತ ಹೈಸ್ಕೂಲ್ ಶಿಕ್ಷಕ. ಹಕ್ಕಿ ನೋಡುವುದೊಂದೇ ನನಗಿರುವ ಚಟ. ಅಮೆರಿಕದಲ್ಲಿರುವ ಮಗ 2020ರಲ್ಲಿ ಯುರೋಪಿನ ಹೆಸರಾಂತ ಕಂಪನಿಯೊಂದರ 8×42 ಬೈನಾಕ್ಯುಲರ್ ತಂದುಕೊಟ್ಟ. ಬೆಲೆ ಎರಡು ಲಕ್ಷದ ಮೇಲೆ. ಈಗ ಹೆಬ್ಬೆರಳು ಕೂಡುವ ಜಾಗದಲ್ಲಿ ಹಸಿರು ರಬ್ಬರ್ ಮೆತ್ತಗಾಗಿ ಕೈಗೆ ಅಂಟುತ್ತಿದೆ. ಮುಂದಿನ ಲೆನ್ಸಿನ ಅಂಚಿನ ಸುತ್ತ ಸಣ್ಣ ಬಿರುಕು ಬಿಟ್ಟು ಹೊದಿಕೆ ಮೇಲೇಳುತ್ತಿದೆ. ಕಂಪನಿಗೆ ಬರೆದರೆ "ಬೆವರು, ಕ್ರೀಮು ತಾಗಿ ಹೀಗಾಗಿದೆ, ವಾರಂಟಿಗೆ ಬರುವುದಿಲ್ಲ" ಅನ್ನುತ್ತಾರೆ. ಬಿರುಕಿನಿಂದ ಒಳಗೆ ನೀರು ಹೋಗುತ್ತದೆಯೇ? ಫೆವಿಕ್ವಿಕ್ ಹಾಕಿ ಅಂಟಿಸಲೇ? ಇಷ್ಟು ಬೆಲೆಯ ವಸ್ತುವಿಗೆ ಹೀಗೇಕೆ?

ಉತ್ತರ: ಗುರುಗಳೇ, ಮೊದಲು ಆ ಫೆವಿಕ್ವಿಕ್ ಟ್ಯೂಬನ್ನು ಮೊಮ್ಮಕ್ಕಳ ಕೈಗೂ ಸಿಗದಂತೆ, ನಿಮ್ಮ ಕೈಗೂ ಸಿಗದಂತೆ ಎತ್ತಿಡಿ. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ನೀರಿನ ಹೆದರಿಕೆ ಬಿಡಿ. ಒಳಗೆ ನೀರು, ದೂಳು ಹೋಗದಂತೆ ತಡೆಯುವುದು ಮೇಲಿನ ಹಸಿರು ಹೊದಿಕೆ ಅಲ್ಲವೇ ಅಲ್ಲ. ಲೆನ್ಸಿನ ಅಂಚಿನಲ್ಲಿ, ಫೋಕಸ್ ಚಕ್ರದ ದಂಡಿನ ಸುತ್ತ ರಬ್ಬರಿನ ಬಳೆಗಳಂಥ ಓ-ರಿಂಗ್‌ಗಳು ಕೂತಿರುತ್ತವೆ, ಆ ಕೆಲಸ ಅವುಗಳದು. ಬೆಳಗಿನ ಚಳಿಗೆ ಲೆನ್ಸಿನ ಒಳಮೈಗೆ ಮಂಜು ಹಿಡಿಯಬಾರದೆಂದು ಒಳಗೆ ಒಣ ನೈಟ್ರೋಜನ್ ಅಥವಾ ಆರ್ಗಾನ್ ತುಂಬಿ ಮುಚ್ಚಿರುತ್ತಾರೆ. ಹೊದಿಕೆ ಪೂರ್ತಿ ಸುಲಿದುಹೋದರೂ ಆ ಅನಿಲ ಅಲ್ಲೇ ಇರುತ್ತದೆ. ಹೊದಿಕೆ ಇರುವುದು ಪೆಟ್ಟು ತಾಳಲಿಕ್ಕೆ, ಕೈ ಜಾರದಿರಲಿಕ್ಕೆ, ಕಾದ ಲೋಹ ಅಂಗೈ ಸುಡದಿರಲಿಕ್ಕೆ, ಮತ್ತೆ ಜೀಪಿನ ಬಾಗಿಲಿಗೆ ಬಡಿದಾಗ ಠಣ್ ಅಂದು ಹಕ್ಕಿ ಹಾರಿಹೋಗದಿರಲಿಕ್ಕೆ. ಹಾಗಾಗಿ ನಿಮ್ಮ ಬೈನಾಕ್ಯುಲರಿನ ಕಣ್ಣು ಚೆನ್ನಾಗಿದೆ, ಚರ್ಮಕ್ಕೆ ಮಾತ್ರ ರೋಗ ಬಂದಿದೆ.

ನಾನು ಬೈನಾಕ್ಯುಲರ್ ರಿಪೇರಿ ಮಾಡುವವನಲ್ಲ. ಬೆಳಗಾವಿಯ ಉದ್ಯಮಬಾಗದಲ್ಲಿ ಹೈಡ್ರಾಲಿಕ್ ಸಿಲಿಂಡರಿನ ಸೀಲು, ಓ-ರಿಂಗು ಮಾಡುವ ಶೆಡ್ಡಿನಲ್ಲಿ ರಬ್ಬರ್ ಬೆರೆಸಿ ಬೇಯಿಸಿಕೊಂಡೇ ಮೂವತ್ತು ವರ್ಷ ಕಳೆದವನು. ಉಳಿದವರು ಹೊಸ ಬೈನಾಕ್ಯುಲರ್ ಸಿಕ್ಕರೆ ಕಣ್ಣಿಗೆ ಹಿಡಿಯುತ್ತಾರೆ, ನಾನು ಮೊದಲು ಮೂಗಿಗೆ ಹಿಡಿಯುತ್ತೇನೆ. ಹೀಗಾಗಿ ನಿಮ್ಮ ಪ್ರಶ್ನೆಗೆ ರಬ್ಬರಿನ ಕಡೆಯಿಂದಲೇ ಉತ್ತರ ಕೊಡುತ್ತೇನೆ.

ಹೆಬ್ಬೆರಳಿನ ಜಾಗದಲ್ಲಿ ಅಂಟು, ಲೆನ್ಸಿನ ಅಂಚಿನಲ್ಲಿ ಬಿರುಕು ಎಂದು ಬೇರೆ ಬೇರೆ ಮಾಡಿ ಬರೆದಿದ್ದೀರಿ. ಮೇಷ್ಟ್ರ ಕಣ್ಣು ಅಂದರೆ ಇದು. ಬಹಳ ಜನ "ರಬ್ಬರ್ ಹೋಯ್ತು" ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಇವು ಎರಡು ಬೇರೆ ರೋಗ, ಕಾರಣವೂ ಬೇರೆ.

ಬಿರುಕು ಸುಲಭಕ್ಕೆ ತಿಳಿಯುವಂಥದ್ದು, ಮೊದಲು ಅದನ್ನೇ ಹೇಳುತ್ತೇನೆ. ನಮ್ಮ ಶೆಡ್ಡಿನ ಮುಂದೆ ಗಿರಾಕಿಗಳಿಗೆ ಕಾಣಲೆಂದು ಒಂದು ದಪ್ಪ ಪೈಪಿಗೆ ಹತ್ತಾರು ಓ-ರಿಂಗ್‌ಗಳನ್ನು ಹಿಗ್ಗಿಸಿ ಹಾಕಿಟ್ಟಿದ್ದೆವು. ಅದೇ ಬ್ಯಾಚಿನ ಉಳಿದ ರಿಂಗ್‌ಗಳು ಪಕ್ಕದ ತೆರೆದ ಡಬ್ಬಿಯಲ್ಲಿ ಸುಮ್ಮನೆ ಬಿದ್ದಿದ್ದವು. ಒಂದು ಬೇಸಿಗೆ ಕಳೆದು ನೋಡಿದರೆ ಪೈಪಿನ ಮೇಲಿನ ಒಂದೊಂದು ರಿಂಗಿಗೂ ಅಡ್ಡಡ್ಡ ಗೀರು, ಬ್ಲೇಡಿನಿಂದ ಎಳೆದ ಹಾಗೆ. ಡಬ್ಬಿಯಲ್ಲಿದ್ದವಕ್ಕೆ ಏನೂ ಆಗಿರಲಿಲ್ಲ. ಒಂದೇ ಗಾಳಿ, ಒಂದೇ ಬಿಸಿಲು. ಇದು ಓಝೋನಿನ ಕೆಲಸ. ಬಿಸಿಲಿದ್ದ ದಿನ ನೆಲಮಟ್ಟದ ಗಾಳಿಯಲ್ಲೂ ಒಂದಿಷ್ಟು ಓಝೋನ್ ಇರುತ್ತದೆ, ಮೋಟಾರು ವೆಲ್ಡಿಂಗುಗಳ ಹತ್ತಿರ ಇನ್ನೂ ಹೆಚ್ಚು. ರಬ್ಬರಿನ ಅಣುಸರಪಳಿಯಲ್ಲಿ ಜೋಡಿಬಂಧ ಎಲ್ಲಿದೆಯೋ ಅಲ್ಲಿ ಅದು ಕತ್ತರಿಸುತ್ತದೆ. ರಬ್ಬರ್ ಸಡಿಲವಾಗಿದ್ದರೆ ಆ ಗಾಯ ಮೇಲ್ಮೈಯಲ್ಲೇ ನಿಲ್ಲುತ್ತದೆ, ಎಳೆದಿದ್ದರೆ ಬಾಯ್ಬಿಟ್ಟು ಒಳಕ್ಕೆ ಇಳಿಯುತ್ತದೆ. ಬೈನಾಕ್ಯುಲರಿನ ಹೊದಿಕೆ ಎಲ್ಲಿ ಎಳೆದುಕೊಂಡು ಕೂತಿರುತ್ತದೆ? ಲೆನ್ಸಿನ ಅಂಚಿನ ಸುತ್ತು, ನಡುವಿನ ಕೀಲಿನ ತಿರುವು, ಪಟ್ಟಿ ಸಿಕ್ಕಿಸುವ ಕೊಂಡಿಯ ಬುಡ. ನಿಮಗೆ ಬಿರುಕು ಕಂಡದ್ದೂ ಅಂಚಿನಲ್ಲೇ.

ಹಾಗಾದರೆ ಕಾರಿನ ಟೈರು ದಿನವಿಡೀ ಬಿಸಿಲಲ್ಲಿ ಎಳೆದುಕೊಂಡೇ ಇರುತ್ತದಲ್ಲ, ಅದು ಯಾಕೆ ಐದಾರು ವರ್ಷ ಬಾಳುತ್ತದೆ ಎಂದು ಕೇಳಬಹುದು. ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಇರುವುದು ಇಲ್ಲೇ. ಟೈರು ಕಪ್ಪು. ಅದರಲ್ಲಿ ಸೇರಿಸಿರುವ ಕಾರ್ಬನ್ ಬ್ಲ್ಯಾಕ್ ಎಂಬ ಮಸಿ ರಬ್ಬರಿಗೆ ಬಲ ಕೊಡುತ್ತದೆ, ಜೊತೆಗೆ ಬಿಸಿಲಿನ ನೇರಳಾತೀತ ಕಿರಣಗಳನ್ನು ತಾನೇ ನುಂಗಿಕೊಂಡು ರಬ್ಬರನ್ನು ಕಾಯುತ್ತದೆ. ಮೇಲಾಗಿ ಟೈರಿಗೆ ಓಝೋನ್ ತಡೆಯುವ ರಾಸಾಯನಿಕ ಸೇರಿಸುತ್ತಾರೆ. ಅಂಥವುಗಳಲ್ಲಿ ಚೆನ್ನಾಗಿ ಕೆಲಸ ಮಾಡುವವಕ್ಕೆ ಒಂದು ಕೆಟ್ಟ ಗುಣವಿದೆ, ಮೇಲಕ್ಕೆ ಬಂದು ಕಂದು ಕಲೆ ಮಾಡುತ್ತವೆ. ಕಪ್ಪಿನ ಮೇಲೆ ಕಂದು ಕಂಡೀತೇ? ಆದರೆ ಹಸಿರು, ಮಣ್ಣಿನ ಬಣ್ಣದ ಹೊದಿಕೆಗೆ ಮಸಿಯನ್ನೂ ಧಾರಾಳವಾಗಿ ಹಾಕುವ ಹಾಗಿಲ್ಲ, ಈ ರಾಸಾಯನಿಕವನ್ನೂ ಹಾಕುವ ಹಾಗಿಲ್ಲ. ಕಲೆ ಮಾಡದ, ಕಸುವು ಕಡಿಮೆಯಿರುವ ಮದ್ದಿನಲ್ಲೇ ತೃಪ್ತಿಪಡಬೇಕು. ಕಾಡಿನ ಜೊತೆ ಹೊಂದಲಿ ಎಂದು ಕೊಟ್ಟ ಬಣ್ಣವೇ ಕಾಡಿನ ಬಿಸಿಲಿಗೆ ರಬ್ಬರನ್ನು ಅರ್ಧ ಬತ್ತಲೆ ಮಾಡಿದೆ.

ಝೈಸ್ ಕಂಪನಿ 1894ರಲ್ಲಿ ಪ್ರಿಸಂ ಬೈನಾಕ್ಯುಲರುಗಳನ್ನು ಮಾರುಕಟ್ಟೆಗೆ ತಂದ ಕಾಲದಲ್ಲಿ ರಬ್ಬರ್ ಕವಚವೆಂಬುದೇ ಇರಲಿಲ್ಲ, ಕಪ್ಪು ಚರ್ಮ ಸುತ್ತುತ್ತಿದ್ದರು. ರಬ್ಬರ್ ಬಂದದ್ದು ಬಹಳ ತಡವಾಗಿ. ಅದೇ ಕಂಪನಿಯ ಹಳೆಯ ಕೆಲವು ಮಾದರಿಗಳ ಹೆಸರಿನಲ್ಲಿ 'ಜಿಎ' ಎಂಬ ಅಕ್ಷರಗಳಿರುತ್ತವೆ, ಜರ್ಮನ್ ಭಾಷೆಯಲ್ಲಿ ರಬ್ಬರ್ ಕವಚದ್ದು ಎಂಬ ಗುರುತು. ಆ ಕಾಲದ ದಪ್ಪ ಕಪ್ಪು ರಬ್ಬರಿನವು ಇವತ್ತಿಗೂ ಗಟ್ಟಿಯಾಗಿ ಓಡಾಡಿಕೊಂಡಿವೆ. "ಹಿಂದಿನವರು ಪ್ರಾಮಾಣಿಕರು" ಎಂದು ಹಾಡಿ ಹೊಗಳಬೇಕಿಲ್ಲ. ಹಿಂದೆ ರಬ್ಬರಿಗೆ ಏನು ಬೇಕಾದರೂ ಹಾಕಬಹುದಿತ್ತು. 2015ರ ಡಿಸೆಂಬರ್ 27ರಿಂದ ಯುರೋಪಿಯನ್ ಒಕ್ಕೂಟದಲ್ಲಿ, ಮೈಚರ್ಮಕ್ಕೆ ಪದೇ ಪದೇ ತಾಗುವ ರಬ್ಬರ್ ಪ್ಲಾಸ್ಟಿಕ್ ಭಾಗಗಳಿಗೆ ಒಂದು ನಿರ್ಬಂಧ ಜಾರಿಯಲ್ಲಿದೆ. ಪಿಎಎಚ್ (ಪಾಲಿಸೈಕ್ಲಿಕ್ ಆರೋಮ್ಯಾಟಿಕ್ ಹೈಡ್ರೋಕಾರ್ಬನ್) ಎಂಬ ರಾಸಾಯನಿಕ ಗುಂಪಿನ, ಕ್ಯಾನ್ಸರ್ ತರಬಲ್ಲ ಎಂಟು ವಸ್ತುಗಳಲ್ಲಿ ಯಾವೊಂದೂ ಕಿಲೋಗೆ 1 ಮಿಲಿಗ್ರಾಂ ಮೀರಬಾರದು. ರಬ್ಬರ್ ಮೆತ್ತಗಾಗಲೆಂದು ಸೇರಿಸುತ್ತಿದ್ದ ಅಗ್ಗದ ಎಣ್ಣೆಗಳಲ್ಲಿ, ಕೀಳು ದರ್ಜೆಯ ಮಸಿಯಲ್ಲಿ ಇರುತ್ತಿದ್ದದ್ದು ಇವೇ. ಒಳ್ಳೆಯ ಕಾನೂನು, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಶೆಡ್ಡಿನ ಕೆಲಸದವರ ಕೈಗೂ ಅಂಥದ್ದೊಂದು ಕಾನೂನು ಬೇಕಿತ್ತು. ಆದರೆ ಹಳೆಯ ಸಾಮಾನು ಬಿಟ್ಟು ಹೊಸದು ಹಿಡಿದಾಗ, ಅದು ಬಾಗಲಕೋಟೆಯ ಬೇಸಿಗೆಯಲ್ಲಿ ಹತ್ತು ವರ್ಷ ಹೇಗಿರುತ್ತದೆ ಎನ್ನುವುದು ಹತ್ತು ವರ್ಷ ಕಳೆದ ಮೇಲೆಯೇ ತಿಳಿಯುವುದು.

ಈಗ ಅಂಟಿಗೆ ಬರೋಣ. ಎಲ್‌ಐಸಿ ಬಾಂಡು, ಹೊಲದ ಉತಾರ ಎಲ್ಲ ಸುತ್ತಿ ಟ್ರಂಕಿನಲ್ಲಿಟ್ಟ ರಬ್ಬರ್ ಬ್ಯಾಂಡನ್ನು ಹತ್ತು ವರ್ಷದ ಮೇಲೆ ಮುಟ್ಟಿದ್ದೀರಾ? ಮೊದಲು ಬೆಲ್ಲದ ಪಾಕದ ಹಾಗೆ ಅಂಟುತ್ತದೆ, ಆಮೇಲೆ ಒಣಗಿ ಚಕ್ಕೆಯಾಗಿ ಕಾಗದಕ್ಕೇ ಕಚ್ಚಿಕೊಳ್ಳುತ್ತದೆ. ನೈಸರ್ಗಿಕ ರಬ್ಬರ್ ಸಾಯುವ ರೀತಿ ಅದು, ಉದ್ದದ ಸರಪಳಿಗಳು ತುಂಡಾಗಿ ಮೆತ್ತಗಾಗುವುದು. ಕೃತಕ ರಬ್ಬರುಗಳಲ್ಲಿ ಹೆಚ್ಚಿನವು ಇದಕ್ಕೆ ತಿರುಗಾಮುರುಗಾ, ವಯಸ್ಸಾದಂತೆ ಗಟ್ಟಿಯಾಗಿ ಒಡೆಯುತ್ತವೆ. ಪಾಲಿಯುರಿಥೇನ್ ಎಂಬ ರಬ್ಬರಿನಂಥ ವಸ್ತುವಿನಲ್ಲಿ ಪಾಲಿಯೆಸ್ಟರ್ ಜಾತಿಯದೆಂದು ಒಂದಿದೆ, ಅದನ್ನು ಗಾಳಿಯಲ್ಲಿನ ತೇವವೇ ಒಡೆಯುತ್ತದೆ. ಕಪಾಟಿನಲ್ಲಿ ಇಟ್ಟಲ್ಲೇ ಅಡಿ ಕಳಚಿ ಪುಡಿಯಾಗುವ ಶೂಗಳ ಕಥೆ ಇದೇ. ಖಾನಾಪುರ, ಜಾಂಬೋಟಿ ಕಡೆಯವರು ನಾಲ್ಕು ತಿಂಗಳ ಮಳೆಯಲ್ಲಿ ಇದನ್ನು ನೋಡುತ್ತಲೇ ಇರುತ್ತಾರೆ.

ಆದರೆ ನಿಮ್ಮಲ್ಲಿ ಬರೀ ಹೆಬ್ಬೆರಳಿನ ಜಾಗ ಅಂಟುತ್ತಿದೆ, ಉಳಿದ ಕಡೆ ಇಲ್ಲ. ವಯಸ್ಸು, ತೇವ ಕಾರಣವಾಗಿದ್ದರೆ ಮೈತುಂಬಾ ಅಂಟಬೇಕಿತ್ತು. ಹಾಗಾಗಿ ಕೈಯಿಂದಲೇ ಏನೋ ರಬ್ಬರಿಗೆ ಇಳಿದಿದೆ. ಕಂಪನಿಯವರ ಮಾತಿನಲ್ಲಿ ಅಷ್ಟರ ಮಟ್ಟಿಗೆ ನಿಜವಿದೆ.

ಏನು ಇಳಿಯುತ್ತದೆ? ಬೆವರಿನ ನೀರಿಗಿಂತ ಚರ್ಮದ ಜಿಡ್ಡು ಹೆಚ್ಚು ಕೆಲಸ ಮಾಡುತ್ತದೆ. ಅದರ ಮೇಲೆ ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ. ಎಣ್ಣೆಗೆ ಊದಿಕೊಳ್ಳದ ರಬ್ಬರ್ ಬೇಕೆಂದೇ ನಾವು ಹೈಡ್ರಾಲಿಕ್ ಸೀಲಿಗೆ ನೈಟ್ರೈಲ್ ಎಂಬ ಕೃತಕ ರಬ್ಬರ್ ಬಳಸುತ್ತೇವೆ. ನೈಸರ್ಗಿಕ ರಬ್ಬರ್ ಎಣ್ಣೆಯಲ್ಲಿ ಬಿದ್ದರೆ ಬೋಂಡಾದ ಹಾಗೆ ಉಬ್ಬುತ್ತದೆ. ಸನ್‌ಸ್ಕ್ರೀನಿನಲ್ಲಿ ಇರುವುದು ಬಿಸಿಲಿನ ಕಿರಣ ಹೀರುವ ಎಣ್ಣೆಯಂಥ ರಾಸಾಯನಿಕಗಳು, ಕಾರಿನ ಒಳಗಿನ ಪ್ಲಾಸ್ಟಿಕ್ ಮೇಲೆ ಬೆರಳಚ್ಚು ಮೂಡಿಸಿ ಉಳಿಸಿಬಿಡುತ್ತವೆ. ಎಲ್ಲದಕ್ಕಿಂತ ಕೆಟ್ಟದ್ದು ಸೊಳ್ಳೆ ಕ್ರೀಮು. ಡೀಟ್ ಎಂಬ ಸೊಳ್ಳೆ ಓಡಿಸುವ ರಾಸಾಯನಿಕ ಇರುವ ಕ್ರೀಮು, ಸ್ಪ್ರೇಗಳು ಪ್ಲಾಸ್ಟಿಕ್ಕನ್ನು ಕರಗಿಸುತ್ತವೆ, ವಾಚಿನ ಪ್ಲಾಸ್ಟಿಕ್ ಗಾಜು, ಪೆನ್ನಿನ ಮೈ ಹಾಳು ಮಾಡಿಕೊಂಡವರು ಬಹಳ. ಡಬ್ಬಿಯ ಹಿಂದೆ ಡೀಟ್ ಬದಲು ಪಿಕಾರಿಡಿನ್ ಅಥವಾ ಇಕಾರಿಡಿನ್ ಎಂದಿದ್ದರೆ ಪ್ಲಾಸ್ಟಿಕ್ಕಿಗೆ ಅಂಥ ತೊಂದರೆಯಿಲ್ಲ. ಸ್ಯಾನಿಟೈಸರನ್ನೂ ಈ ಪಟ್ಟಿಗೆ ಸೇರಿಸಿಕೊಳ್ಳಿ. ನೀವು ಕೊಂಡದ್ದೇ 2020ರಲ್ಲಿ, ಆ ಎರಡು ವರ್ಷ ನಾವೆಲ್ಲ ಕೈಗೆ ಸುರಿದುಕೊಂಡದ್ದೇ ಅದನ್ನು.

ಹೋದ ಜನವರಿಯಲ್ಲಿ ಘಟಪ್ರಭಾ ಪಕ್ಷಿಧಾಮಕ್ಕೆ ನಾವು ಐದು ಜನ ಹೋಗಿದ್ದೆವು. ಧೂಪದಾಳದ ನೀರಿನ ಆಚೆ ದಂಡೆಯಲ್ಲಿ ಡೆಮೊಸೆಲ್ ಕ್ರೇನ್‌ಗಳು ಇಳಿದಿದ್ದವು. ಈಚೆ ದಂಡೆಯಲ್ಲಿ ನಾವು ಬುತ್ತಿ ಬಿಚ್ಚಿದ್ದೆವು: ಕಟಿ ರೊಟ್ಟಿ, ಶೇಂಗಾ ಹಿಂಡಿ, ಅದರ ಮೇಲೆ ಧಾರಾಳ ಎಣ್ಣೆ. ಅಷ್ಟರಲ್ಲಿ ಯಾರೋ "ಎದ್ದ್ವು, ಎದ್ದ್ವು" ಅಂದರು. ಐದೂ ಜನ ಅದೇ ಕೈಯಲ್ಲಿ ಬೈನಾಕ್ಯುಲರ್ ಎತ್ತಿದೆವು. ಪಕ್ಕದ ಗೆಳೆಯರದೂ ನಿಮ್ಮ ಥರದ್ದೇ ದುಬಾರಿ ಮಾಲು. ಅದನ್ನು ನನ್ನ ಕೈಗಿಟ್ಟು "ನೋಡ್ರೀ ಇದನ್ನ, ಕೈಗೆ ಡಾಂಬರು ಹತ್ತಿದಂಗ ಹತ್ತತೈತಿ" ಅಂದರು. ಮೂಗಿಗೆ ಹಿಡಿದೆ. ರಬ್ಬರಿನ ವಾಸನೆಯೇ ಬರಲಿಲ್ಲ, ಬೆಳ್ಳುಳ್ಳಿ ಮತ್ತು ಶೇಂಗಾ ಎಣ್ಣೆ.

ಇದಕ್ಕೆ ಬಿಸಿ ಸೇರಿದರೆ ಮುಗಿಯಿತು. ಇಂಥ ಕ್ರಿಯೆಗಳ ವೇಗ ಹತ್ತು ಡಿಗ್ರಿಗೆ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ನಮ್ಮ ಕಸುಬಿನ ಸ್ಥೂಲ ಲೆಕ್ಕ. ಏಪ್ರಿಲ್‌ನಲ್ಲಿ ಬಾಗಲಕೋಟೆ, ವಿಜಯಪುರಗಳಲ್ಲಿ ನೆರಳಿನಲ್ಲೇ 40 ದಾಟುತ್ತದೆ, ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ 60 ದಾಟುತ್ತದೆ. ಆಲಮಟ್ಟಿ ಹಿನ್ನೀರಿಗೆ ಪಟ್ಟೆ ತಲೆಯ ಹೆಬ್ಬಾತು ನೋಡಲು ಹೋಗಿ, ಊಟಕ್ಕೆ ನಿಂತಾಗ ಬೈನಾಕ್ಯುಲರನ್ನು ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟಿದ್ದೀರಾ? ಚಳಿಗಾಲ ಅಂದುಕೊಳ್ಳುತ್ತೇವೆ, ನಮ್ಮ ಕಡೆ ಫೆಬ್ರುವರಿ ಮಧ್ಯಾಹ್ನ ಚಳಿಗಾಲವಲ್ಲ. ಅಷ್ಟು ಬಿಸಿಯಲ್ಲಿ ರಬ್ಬರಿನ ಕೆಳಗಿನ ಗೋಂದೂ ಮೆತ್ತಗಾಗಿ ಜಾರುತ್ತದೆ. ಅಂಚು ಮೇಲೇಳುವುದರಲ್ಲಿ ಬಿರುಕಿನಷ್ಟೇ ಪಾಲು ಇದಕ್ಕೂ ಇದೆ.

ಇಷ್ಟೆಲ್ಲ ಹೇಳಿದ ಮೇಲೂ ಕಂಪನಿಯ ಉತ್ತರವನ್ನು ನಾನು ಒಪ್ಪುವುದಿಲ್ಲ. ಬೈನಾಕ್ಯುಲರ್ ಕೈಯಲ್ಲಿ ಹಿಡಿಯುವ ಸಾಮಾನು. ಕೈ ಅಂದಮೇಲೆ ಬೆವರು, ಜಿಡ್ಡು ಇದ್ದದ್ದೇ. ಬಿಸಿಲಲ್ಲಿ ನಿಲ್ಲುವವನು ಸನ್‌ಸ್ಕ್ರೀನ್ ಹಚ್ಚುತ್ತಾನೆ, ಕೆರೆ ದಂಡೆಯಲ್ಲಿ ಕೂರುವವನು ಸೊಳ್ಳೆ ಕ್ರೀಮು ಹಚ್ಚುತ್ತಾನೆ. ನಮ್ಮ ಸೀಲು ಎಣ್ಣೆಗೆ ಹಾಳಾಯಿತೆಂದು ಗಿರಾಕಿ ಬಂದರೆ, "ಸಿಲಿಂಡರಿಗೆ ಎಣ್ಣೆ ಯಾಕೆ ಹಾಕಿದಿರಿ" ಎಂದು ಕೇಳಿದರೆ ಅವನು ಮುಖಕ್ಕೇ ಎಸೆದು ಹೋಗುತ್ತಾನೆ. ಎರಡು ಲಕ್ಷದಲ್ಲಿ ಬಹುಪಾಲು ಗಾಜಿಗೆ, ಪ್ರಿಸಂಗೆ, ಅದರ ಮೇಲಿನ ಲೇಪನಕ್ಕೆ ಹೋಗಿದೆ, ಅದು ಸರಿ. ಆದರೆ ಒಂದೆರಡು ಮಿಲಿಮೀಟರ್ ದಪ್ಪದ ಚರ್ಮವನ್ನು ಟೈರಿನ ಹಾಗೆ ಸವೆಯುವ ಸಾಮಾನು ಎಂದು ಅವರೇ ಲೆಕ್ಕ ಹಾಕಿದ್ದರೆ, ಟೈರಿನ ಹಾಗೆ ಸುಲಭಕ್ಕೆ ಬದಲಿಸಿಕೊಡುವ ಏರ್ಪಾಡೂ ಮಾಡಬೇಕಿತ್ತು. ವಾರಂಟಿ ಕಾಗದ ಓದಿ ನೋಡಿ. ಹಲವು ಕಂಪನಿಗಳು ಗಾಜು, ಯಂತ್ರಭಾಗಕ್ಕೆ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕೊಟ್ಟು ಹೊದಿಕೆ, ಕಣ್ಣಿಗೆ ಆನಿಸುವ ರಬ್ಬರ್ ಬಟ್ಟಲು, ಪಟ್ಟಿಗಳನ್ನು ಸಣ್ಣ ಅಕ್ಷರದಲ್ಲಿ ಹೊರಗಿಟ್ಟಿರುತ್ತವೆ.

ಆದರೂ ಬಿಡಬೇಡಿ. ಮತ್ತೊಮ್ಮೆ ಬರೆಯಿರಿ, ಈ ಸಲ ಅಂಟಿನ ಮಾತು ಹಿಂದಿಟ್ಟು ಬಿರುಕಿನ ಮಾತು ಮುಂದಿಡಿ. ಹೆಬ್ಬೆರಳಿನ ಜಾಗಕ್ಕೆ ಕ್ರೀಮಿನ ನೆಪ ಹೇಳಬಹುದು. ಮುಂದಿನ ಲೆನ್ಸಿನ ಅಂಚನ್ನು ನೀವು ದಿನಾ ಹಿಡಿಯುವುದಿಲ್ಲವಲ್ಲ, ಅಲ್ಲಿಗೆ ಕ್ರೀಮು ಎಲ್ಲಿಂದ ಬಂತು ಎಂದು ಕೇಳಿ. ಸೀರಿಯಲ್ ನಂಬರ್, ಕೊಂಡ ರಸೀದಿ, ಹಗಲು ಬೆಳಕಿನಲ್ಲಿ ಹತ್ತಿರದಿಂದ ತೆಗೆದ ನಾಲ್ಕು ಫೋಟೊ ಜೊತೆಗಿರಲಿ. ವಾರಂಟಿಗೆ ಬಾರದಿದ್ದರೂ ಸೌಜನ್ಯಕ್ಕೆ ಹೊಸ ಹೊದಿಕೆ ಹಾಕಿಕೊಟ್ಟದ್ದು ಈ ವ್ಯಾಪಾರದಲ್ಲಿ ಅಪರೂಪವಲ್ಲ. ಕೊಂಡದ್ದು ಅಮೆರಿಕದಲ್ಲಾದ್ದರಿಂದ ಮಗನ ಹೆಸರಿನಲ್ಲಿ ಅಲ್ಲಿನ ಸರ್ವಿಸ್ ಕೇಂದ್ರಕ್ಕೇ ಬರೆಸಿ. ಅವನು ಮುಂದಿನ ಸಲ ಬಂದು ಹೋಗುವಾಗ ಕೈಯಲ್ಲೇ ಕಳಿಸಿ. ಹೊರಡುವ ಮುಂಚೆ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಸೀರಿಯಲ್ ನಂಬರ್ ಸಹಿತ ರಫ್ತು ಪ್ರಮಾಣಪತ್ರ ಮಾಡಿಸಿಕೊಂಡರೆ ವಾಪಸ್ ತರುವಾಗ ಹೊಸ ಸಾಮಾನೆಂದು ಸುಂಕ ಕೇಳುವುದಿಲ್ಲ.

ಇದನ್ನು ಓದುತ್ತಿರುವ ಬೇರೆಯವರು ಇಲ್ಲೇ ಭಾರತದಲ್ಲಿ ಕೊಂಡಿದ್ದರೆ ದಾರಿ ಬೇರೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಾವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಅರ್ಜಿ ಹಾಕಬಹುದು, ಐದು ಲಕ್ಷದವರೆಗಿನ ಸಾಮಾನಿಗೆ ಶುಲ್ಕವಿಲ್ಲ. ದೂರಿಗೆ ಕಾರಣವಾದದ್ದು ಕಂಡ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು.

ಇನ್ನು ಫೆವಿಕ್ವಿಕ್. ಆ ಜಾತಿಯ ಅಂಟು ಒಣಗುವಾಗ ಹಬೆ ಬಿಡುತ್ತದೆ, ಹಬೆ ಹತ್ತಿರದ ಮೈಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ. ನಿಮ್ಮ ಬಿರುಕು ಇರುವುದೇ ಲೆನ್ಸಿನ ಅಂಚಿನಲ್ಲಿ. ಹೋಗಲಿ, ಅಂಟಿದರೂ ಅದು ಗಾಜಿನ ಹಾಗೆ ಗಟ್ಟಿ, ರಬ್ಬರ್ ಬಾಗಿದಾಗ ಪಕ್ಕದಲ್ಲೇ ಹೊಸ ಬಿರುಕು. ಪಂಚರ್ ಅಂಗಡಿಯ ಸಲ್ಯೂಷನ್ನೂ ಬೇಡ, ಅದರಲ್ಲಿರುವ ದ್ರಾವಕ ರಬ್ಬರನ್ನು ಇನ್ನಷ್ಟು ಊದಿಸುತ್ತದೆ. ಎದ್ದ ಅಂಚನ್ನು ಉಗುರಿನಿಂದ ಎಬ್ಬಿ ನೋಡುವ ಅಭ್ಯಾಸ ಇದ್ದರೆ ಬಿಡಿ. ಅನೇಕ ಮಾದರಿಗಳಲ್ಲಿ ಎರಡೂ ಕೊಳವೆಗಳ ನೋಟವನ್ನು ಒಂದಕ್ಕೊಂದು ಕೂಡಿಸುವ ಸಣ್ಣ ಸ್ಕ್ರೂಗಳು ಹೊದಿಕೆಯ ಕೆಳಗೇ ಇರುತ್ತವೆ. ಅವು ಅಲುಗಿದರೆ ಒಂದು ಹಕ್ಕಿ ಎರಡಾಗಿ ಕಾಣುತ್ತದೆ, ತಲೆನೋವು ಬೋನಸ್ಸು.

ಅಂಟುವ ಜಾಗಕ್ಕೆ ಮಾಡಬೇಕಾದ್ದು ಇಷ್ಟೇ: ಒಂದು ಬಟ್ಟಲು ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ, ಹಳೆಯ ಮೆತ್ತನೆ ಪಂಚೆಯ ತುಂಡನ್ನು ಅದ್ದಿ, ಹಿಂಡಿ, ನಿಧಾನ ಒರೆಸಿ. ಮತ್ತೆ ಬರೀ ನೀರಿನ ಬಟ್ಟೆ. ಫ್ಯಾನಿನ ಗಾಳಿಗೆ ಒಣಗಲಿ, ಬಿಸಿಲಿಗಲ್ಲ. ಸ್ಪಿರಿಟ್, ಥಿನ್ನರ್, ಪೆಟ್ರೋಲ್, ಕಾರಿನ ಡ್ಯಾಶ್‌ಬೋರ್ಡ್ ಪಾಲಿಷ್ ಯಾವುದೂ ಬೇಡ. ಹೊಳಪಿಗೆಂದು ಕೊಬ್ಬರಿ ಎಣ್ಣೆ ಸವರುವವರೂ ಇದ್ದಾರೆ, ಒಂದು ವಾರ ಹೊಸದರ ಹಾಗೆ ಮಿನುಗುತ್ತದೆ, ಆಮೇಲೆ ನಿಮ್ಮ ಹೆಬ್ಬೆರಳಿನ ಜಾಗದ ಹಾಗಾಗುತ್ತದೆ. ಒಳಕ್ಕೆ ಇಳಿದದ್ದು ಪೂರ್ತಿ ವಾಪಸ್ ಬರುವುದಿಲ್ಲ, ಆದರೆ ಅಂಟು ಹರಡುವುದು ನಿಲ್ಲುತ್ತದೆ.

ಇಡುವ ವಿಷಯದಲ್ಲಿ ನಾನೇ ಒಮ್ಮೆ ದಡ್ಡತನ ಮಾಡಿದ್ದೇನೆ. ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆಂದು ನನ್ನ ಹಳೆಯ ಬೈನಾಕ್ಯುಲರನ್ನು ಅದರ ಥರ್ಮಾಕೋಲ್ ಪೆಟ್ಟಿಗೆಯಲ್ಲೇ ಇಟ್ಟು, ಮನೆಯವಳ ಇಳಕಲ್ ಸೀರೆಗಳ ಕಪಾಟಿಗೆ ಸೇರಿಸಿದೆ. ಸೀರೆಗಿದ್ದ ನುಸಿಗುಳಿಗೆ, ನಮ್ಮ ಕಡೆ ಡಾಂಬರ್ ಗೋಳಿ ಅನ್ನುತ್ತೇವಲ್ಲ, ಅದರಲ್ಲಿ ನಾಲ್ಕನ್ನು ಪೆಟ್ಟಿಗೆಯೊಳಗೂ ಹಾಕಿದೆ. ದಸರೆಗೆ ತೆರೆದರೆ ಗುಳಿಗೆ ಕೂತಿದ್ದಲ್ಲೆಲ್ಲ ಥರ್ಮಾಕೋಲ್ ಕರಗಿ ಗುಳಿಬಿದ್ದಿತ್ತು, ಕಣ್ಣಿನ ಬಟ್ಟಲಿನ ರಬ್ಬರ್ ಜಿಗುಟಾಗಿತ್ತು. ಆ ವಾಸನೆ ಒಂದು ವರ್ಷ ಹೋಗಲಿಲ್ಲ, ಹಕ್ಕಿ ನೋಡುವಾಗೆಲ್ಲ ಸೀರೆ ಕಪಾಟು ನೆನಪಾಗುತ್ತಿತ್ತು. ಗುಳಿಗೆಯ ಬದಲು ತೇವ ಹೀರುವ ಸಿಲಿಕಾ ಜೆಲ್ ಚೀಲ ಹಾಕಿ, ಒಳಗಿನ ಹರಳಿನ ಬಣ್ಣ ಬದಲಾದಾಗ ಹರಳನ್ನು ಹುರಿದು ಮತ್ತೆ ಬಳಸಿ. ಪಟ್ಟಿಯನ್ನು ಕೊಳವೆಗೆ ಬಿಗಿದು ಸುತ್ತಿಡಬೇಡಿ, ರೆಕ್ಸಿನ್ ಚೀಲ ರಬ್ಬರಿಗೆ ತಾಗಿಕೊಂಡು ತಿಂಗಳುಗಟ್ಟಲೆ ಇರುವುದೂ ಬೇಡ. ರೆಕ್ಸಿನ್ನನ್ನು ಮೆತ್ತಗೆ ಮಾಡುವ ಎಣ್ಣೆ ಇದಕ್ಕೆ ವರ್ಗವಾಗುತ್ತದೆ.

ಹೊಸ ಹೊದಿಕೆ ಬರುವ ತನಕ ಕೊಳವೆಗೆ ಒಂದು ಬಟ್ಟೆಯ ಕುಪ್ಪಸ ಹೊಲಿಸಿ. ಧೂಪದಾಳದ ಆ ಗೆಳೆಯರು ಗುಳೇದಗುಡ್ಡದ ಖಣದ ತುಂಡಿನಲ್ಲಿ ಹೊಲಿಸಿದ್ದಾರೆ. ಒಳಗೆ ತೆಳು ಹತ್ತಿ ಬಟ್ಟೆ, ಬದಿಗೆ ಎರಡು ಲಾಡಿ, ಫೋಕಸ್ ಚಕ್ರಕ್ಕೆ ತಾಗದಂತೆ ನಡುವೆ ಕತ್ತರಿಸಿದ್ದು. ಬೆವರು, ಶೇಂಗಾ ಎಣ್ಣೆ ಎಲ್ಲ ಖಣಕ್ಕೆ ಹತ್ತುತ್ತದೆ, ವಾರಕ್ಕೊಮ್ಮೆ ಬಿಚ್ಚಿ ಒಗೆಯುತ್ತಾರೆ. ಅವರದು ಕೆಂಪು. ನೀವು ಕಡುಹಸಿರೋ ಕಪ್ಪೋ ಆರಿಸಿಕೊಳ್ಳಿ.